ಮಾಬುಬಿಯ ಉಸಿರು

“ತಡೀರಿ ಅಕ್ಕೋರ, ನಿಲ್ಲಸ್ರಿ!” ಎಂದು ನೀಲವ್ವ ನನ್ನ ಕೈಯನ್ನೇ ಹಿಡಿದುಬಿಟ್ಟರು. ನಾನು ಗಾಬರಿಯಾಗಿ ಮೊಬೈಲಿನಲ್ಲಿ ಹಾಡು ನಿಲ್ಲಿಸಿದೆ.

ಮೊರಬದ ನಮ್ಮ ಓಣಿಯ ನೀಲವ್ವ ಗೀಗೀ ಪದ ಹಾಡುವವರು. ಅವರು ದಪ್ಪು ಬಾರಿಸುತ್ತ ಮುಂದೆ ಹಾಡಿದರೆ, ಗೆಳತಿ ಮಾಬುಬಿ ಹಿಂದೆ ನಿಂತು ದನಿಗೂಡಿಸುತ್ತಿದ್ದರು. ಇಬ್ಬರ ಪದಗಳನ್ನು ಧ್ವನಿಮುದ್ರಿಸಿಕೊಂಡು ಹೋದ ಕಂಪನಿಯವರು ಏಳು ವರ್ಷ ಅವನ್ನು ಮೂಲೆಗಿಟ್ಟಿದ್ದರು. ಯಾಕೆಂದು ಯಾರೂ ಹೇಳಲಿಲ್ಲ. ದಾರಿ ನೋಡಿ ನೋಡಿ ಮಾಬುಬಿ ಹೋದ ವರ್ಷ ತೀರಿಕೊಂಡರು. ಆಲ್ಬಂ ಮೊನ್ನೆ ಬಿಡುಗಡೆಯಾಯಿತು. ಅದನ್ನು ಕೇಳಿಸಲೆಂದೇ ಊರ ಶಾಲೆಯ ಟೀಚರಾದ ನಾನು ಶಾಲೆ ಬಿಟ್ಟ ಮೇಲೆ ನೀಲವ್ವನ ಮನೆಗೆ ಹೋಗಿದ್ದೆ.

“ಮಾಬುಬಿಗೆ ದಮ್ಮಿನ ಬ್ಯಾನಿ ಇತ್ರಿ. ಅದಕ್ಕ ಈ ಸಾಲಿನಾಗ ನಾ ಒಂದ ಪೆಟ್ಟ ಹೆಚ್ಚಿಗಿ ಹಾಕತಿದ್ನಿ, ಆಕಿ ಉಸರ ತಗೊಳ್ಳಾಕ. ಆ ಪೆಟ್ಟನ್ನ, ಆ ಉಸರನ್ನ ಎರಡೂ ತಗದಬಿಟ್ಟಾರಲ್ರಿ!”

ಹಾಡು ಚೊಕ್ಕ ಬರಲೆಂದು ತೆಗೆದಿರಬೇಕು ಎಂದು ನಾನು ಪೆದ್ದಿಯಂತೆ ಸಮಾಧಾನ ಹೇಳಿದೆ. ನೀಲವ್ವ ಮೊದಲಿನಿಂದ ಹಚ್ಚಲು ಸನ್ನೆ ಮಾಡಿದರು. ಆ ಸಾಲು ಬಂದಾಗ ಅವರ ಬೆರಳು ಮೊಣಕಾಲಿನ ಮೇಲೆ ಆ ಹೆಚ್ಚಿನ ಪೆಟ್ಟು ಹಾಕಿತು. ಮಾಬುಬಿಯ ದನಿ ಮಾತ್ರ ಅದಕ್ಕೆ ಕಾಯದೆ ಆಗಲೇ ಹಾಡತೊಡಗಿತ್ತು.

ಅಂದಿನಿಂದ ಆ ಪದ ಆಗಾಗ ಕೇಳುತ್ತೇನೆ. ಆ ಸಾಲಿಗೆ ಬಂದಾಗ ನಿಲ್ಲಿಸಿ, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಹಚ್ಚುತ್ತೇನೆ.