ಹೋ ಎಂದರೂ ನಿಲ್ಲದ ಗಾಣ

ಘಾಟಬೋರಾಳದ ಕೇಶರಬಾಯಿ ಮದುವೆಯಾಗಿ ಬಂದಾಗಿನಿಂದ ಗಂಡನ ಗಾಣದ ಉರುಳೆಗಳಿಗೆ ಕೈಯಾರೆ ಕಬ್ಬು ಕೊಡುತ್ತಿದ್ದಳು. ಗಾಣ ತಿರುಗಿಸುತ್ತಿದ್ದುದು ಢವಳ್ಯಾ ಎಂಬ ಎತ್ತು. ಒಮ್ಮೆ ಉರುಳೆಗಳ ನಡುವೆ ಬಳೆ ಸಿಕ್ಕಿ ಅವಳು "ಹೋ ಹೋ!" ಎಂದು ಚೀರಿದಾಗ ಢವಳ್ಯಾ ಥಟ್ಟನೆ ನಿಂತಿತು. ಬಳೆ ಒಡೆಯಿತು, ಕೈ ಉಳಿಯಿತು. ಎತ್ತಿಗೆ ಅಷ್ಟು ಕರುಳಿತ್ತು.

ಎಪ್ಪತ್ತರ ದಶಕದಲ್ಲಿ ಹೊಲಕ್ಕೆ ಕರೆಂಟು ಬಂತು. ಗಂಡ ಅಂಬಾದಾಸ ಢವಳ್ಯಾನನ್ನು ಹುಮನಾಬಾದ್ ಸಂತೆಯಲ್ಲಿ ಮಾರಿ ಮೋಟಾರು ಕೂಡಿಸಿದ. ಕೊಂಡವರು ಯಾರೆಂದು ಹೆಂಡತಿಗೆ ಹೇಳಲಿಲ್ಲ.

"ಕರೆಂಟ್ ಹೋದ್ರ ಇದು ಬಂದ್ ಆಗತದ," ಎಂದು ಮೋಟಾರು ಜೋಡಿಸಿದ ಗೌಸ ಮಿಸ್ತ್ರಿ ಹೋಗುವಾಗ ಹೇಳಿದ. "ಮತ್ತ ಬಂದಾಗ ಗುಂಡಿ ನೀವೇ ಒತ್ತಬೇಕ್ರಿ."

ಕರೆಂಟೋ, ಗಳಿಗೆಗೊಮ್ಮೆ ಹೋಗಿ ಬರುತ್ತಿತ್ತು. ಮಲಗಿದ ಹೊರಸು ಬಿಟ್ಟು ಏಳುವುದೆಂದರೆ ಅಂಬಾದಾಸನಿಗೆ ಜೀವ ಹೋದಂತೆ. ಜಾಲಿ ಕಡ್ಡಿ ಕೆತ್ತಿ, ಗುಂಡಿ ಒತ್ತಿಯೇ ಇರುವಂತೆ ಸಿಗಿಸಿಬಿಟ್ಟ. ಈಗ ಕರೆಂಟು ಬಂದರೆ ಗಾಣ ತಾನೇ ತಿರುಗುತ್ತಿತ್ತು.

"ನಮ್ಮ ಗಾಣಕ್ಕ ಅಕ್ಕಲ್ ಬಂದದ, ಯಾರೂ ಹೇಳೋದ ಬ್ಯಾಡ!" ಎಂದು ಮೀಸೆ ತಿರುವಿದ.

"ನಿಂದ್ರು ಅಂದ್ರ ನಿಂದರತದೇನ್ರಿ?" ಎಂದಳು ಕೇಶರಬಾಯಿ.

"ನಿಂದ್ರಿಸೋದು ಯಾಕ? ನೀ ಕಬ್ಬು ಕೊಡು."

ಒಂದು ಮಧ್ಯಾಹ್ನ ಉರುಳೆಗಳಲ್ಲಿ ಕಬ್ಬು ಸಿಕ್ಕಿಕೊಂಡಿತು, ಅಷ್ಟರಲ್ಲಿ ಕರೆಂಟೂ ಹೋಯಿತು.

"ಸಿಕ್ಕಿದ್ದು ತಗಿ," ಎಂದ ಅಂಬಾದಾಸ, ಮಲಗಿದಲ್ಲಿಂದಲೇ.

"ಮೊದಲ ಕಡ್ಡಿ ತಗೀರಿ."

"ಈಗರ ಹೋಗ್ಯಾದ, ಅಷ್ಟು ಲಗೂ ಬರಂಗಿಲ್ಲ."

ಕೈ ಹಾಕಿದಳು. ಕರೆಂಟು ಬಂತು. ಕೇಶರಬಾಯಿ ದೇವರನ್ನೂ ಕರೆಯಲಿಲ್ಲ, ಗಂಡನನ್ನೂ ಕರೆಯಲಿಲ್ಲ. "ಹೋ ಹೋ!" ಎಂದು ಚೀರಿದಳು, ಎತ್ತಿಗೆ ಚೀರಿದ ಹಾಗೆ. ಗಂಡ ಓಡಿಬಂದು ಕಡ್ಡಿ ಕೀಳುವಷ್ಟರಲ್ಲಿ ಬಲಗೈ ಮೊಣಕೈತನಕ ಹೋಗಿತ್ತು. ಆ ಪಾಪಿ ಕುದಿಯುತ್ತಿದ್ದ ಬೆಲ್ಲದ ಕಡಾಯಿ ಇಳಿಸಿದ ಮೇಲೆಯೇ ಆಸ್ಪತ್ರೆಗೆ ಬಂಡಿ ಹುಡುಕಿದ.

ಮರುವರ್ಷ ಕಬ್ಬು ಕೊಡಲು ಹೊಸ ಸೊಸೆ ಸತ್ಯಮ್ಮ ಬಂದಳು. ಕೇಶರಬಾಯಿ ಎಡಗೈಯಿಂದ ಮತ್ತೆ ಮತ್ತೆ ಕಡ್ಡಿ ಕಿತ್ತೆಸೆದಳು. ಅಂಬಾದಾಸ ಬೈದು, ಕೊನೆಗೆ ಕಡ್ಡಿಯನ್ನು ತಂತಿಯಿಂದ ಬಿಗಿದ. ಒಂದೇ ಕೈಯಲ್ಲಿ ಬಿಚ್ಚುವಂಥ ಬಿಗಿಯಲ್ಲ ಅದು.

ಮತ್ತೆ ಕಬ್ಬು ಸಿಕ್ಕಿತು, ಕರೆಂಟು ಹೋಯಿತು.

"ಸತ್ಯಮ್ಮಾ, ಸಿಕ್ಕಿದ್ದು ತಗಿ," ಎಂದ ಅಂಬಾದಾಸ ಹೊರಸಿನಿಂದ.

ಸತ್ಯಮ್ಮ ಮಾವನ ಮಾತಿನಂತೆ ಉರುಳೆಗಳತ್ತ ಬಗ್ಗಿದಳು. ಕೇಶರಬಾಯಿ ತಂತಿಯನ್ನು ಹಲ್ಲಿನಿಂದ ಎಳೆದು ನೋಡಿದಳು, ಬರಲಿಲ್ಲ. ಓಡಿಹೋಗಿ ಸೊಸೆಯನ್ನು ಆಚೆ ತಳ್ಳಿ, ಸಿಕ್ಕಿದ ಕಬ್ಬು ತೆಗೆಯಲು ಉಳಿದಿದ್ದ ಎಡಗೈಯನ್ನು ತಾನೇ ಉರುಳೆಗಳ ನಡುವೆ ಹಾಕಿದಳು.