ಹ್ಯಾಚ್, ಬ್ರೂಡ್ ಮತ್ತು ಖಾಲಿ ಬುಟ್ಟಿಯ ಕೋಳಿ

ಮೊನ್ನೆ ಶನಿವಾರ ಸಂಜೆ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ ನಿಂತಿದ್ದೆ. ಎಂಟನೇ ಕ್ಲಾಸಿನ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು.

"ಅಮ್ಮಾ, ಬ್ರೂಡ್ ಅಂದ್ರೆ ಕೋಳಿ ಕಾವಿಗೆ ಕೂತುಕೊಳ್ಳುದು ಅಂತ ನೀನೇ ಹೇಳಿದ್ದಲ್ವಾ? ಇಲ್ಲಿ ಒಬ್ಬ ರಾಜ ಬ್ರೂಡ್ ಮಾಡ್ತಾ ಕೂತಿದ್ದಾನೆ. ರಾಜ ಎಂತಕ್ಕೆ ಕಾವಿಗೆ ಕೂತದ್ದು?"

ನಗು ಬಂತು. ಆದರೆ ನಾನು ಕಡಬದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ಸಂಬಳ ತೆಗೆದುಕೊಳ್ಳುವವಳು. ಮನೆಯಲ್ಲಿ ಯಾರಾದರೂ ಒಂದು ಪದದ ಅರ್ಥ ಕೇಳಿದರೆ ಸಾಕು, ಒಲೆಯ ಮೇಲಿನ ಸಾರು ಸೀದುಹೋದರೂ ಪಾಠ ಶುರು ಮಾಡುತ್ತೇನೆ. "ನಿನ್ನಮ್ಮನ ಹತ್ರ ಅರ್ಥ ಕೇಳಿದ್ರೆ ಮತ್ತೆ ಊಟ ಒಂಬತ್ತು ಗಂಟೆಗೇ" ಎಂದು ನನ್ನವರು ತಮಾಷೆ ಮಾಡುವುದುಂಟು. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಪಾಠ ಶುರು ಮಾಡಿದೆ. ನೀವೂ ಸ್ವಲ್ಪ ಕೇಳಿ, ಬೇಜಾರಾದರೆ ನಿಲ್ಲಿಸುತ್ತೇನೆ. ಹ್ಯಾಚ್, ಬ್ರೂಡ್, ಇವೆರಡೂ ಒಂದೇ ಬುಟ್ಟಿಯ ಪದಗಳು. ಹ್ಯಾಚ್ ಎಂದರೆ ಮೊಟ್ಟೆ ಒಡೆದು ಮರಿ ಹೊರಗೆ ಬರುವುದು. ಮೊಟ್ಟೆ ಹ್ಯಾಚ್ ಆಯಿತು ಅನ್ನಬಹುದು, ಮರಿ ಹ್ಯಾಚ್ ಆಯಿತು ಅನ್ನಬಹುದು, ಕೋಳಿ ಹ್ಯಾಚ್ ಮಾಡಿತು ಎಂದರೂ ನಡೆಯುತ್ತದೆ. ಕೋಳಿಯೇ ಬೇಕೆಂದಿಲ್ಲ, ಕರೆಂಟಿನ ಪೆಟ್ಟಿಗೆಯೂ ಹ್ಯಾಚ್ ಮಾಡುತ್ತದೆ. ಇಂಗ್ಲಿಷಿನವರು ಸಂಚನ್ನೂ ಹ್ಯಾಚ್ ಮಾಡುತ್ತಾರೆ. ನಾವು ಸಂಚು ಹೂಡುತ್ತೇವೆ, ಅವರು ಮರಿ ಮಾಡಿಸುತ್ತಾರೆ! ಒಟ್ಟಿನಲ್ಲಿ ಅದು ಫಲ ಕಾಣಿಸುವ ಪದ. ಬ್ರೂಡ್ ಹಾಗಲ್ಲ. ಅದರಲ್ಲಿ ಕಾಣಿಸುವಂಥದ್ದು ಏನೂ ಇಲ್ಲ, ಬರೀ ಕೂರುವುದು. ಬೆಚ್ಚಗೆ, ಅಲ್ಲಾಡದೆ, ಸರಿಯಾಗಿ ತಿನ್ನದೆ ಕೂರುವುದು. ಹುಟ್ಟಿದ ಮರಿಗಳ ಗುಂಪಿಗೂ ಅದೇ ಹೆಸರು ಉಂಟು, ಅದು ಬೇರೆ ಮಾತು. ಕಾವು ಕೂತ ಕೋಳಿಯ ಮುಖದಲ್ಲಿ ಅವರಿಗೆ ಏನು ಕಂಡಿತೋ, ಒಂದು ಸಂಕಟವನ್ನು ಬಿಡದೆ ಇಟ್ಟುಕೊಂಡು ಕೂತ ಮನುಷ್ಯರಿಗೂ ಆ ಪದವನ್ನೇ ಕೊಟ್ಟರು. ನಿನ್ನ ರಾಜ ಕೂತದ್ದು ಹಾಗೆ ಮಗಾ, ಎಂದೆ.

"ಹಾಗಾದ್ರೆ ರಶ್ಮಿ ಅತ್ತೆಯ ಹಾಗಾ?" ಎಂದಳು ಮಗಳು.

"ಶ್!" ಎಂದೆ. ಗೋಡೆಯಾಚೆಗಿನ ಕೋಣೆಯಲ್ಲೇ ರಶ್ಮಿ ಇದ್ದಳು.

ರಶ್ಮಿ ನನ್ನ ನಾದಿನಿ. ಸುಳ್ಯಕ್ಕೆ ಕೊಟ್ಟದ್ದು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ತಿಂಗಳು ತುಂಬುವ ಹೊತ್ತಿಗೆ ಹೊಟ್ಟೆಯೊಳಗೇ ಮಗುವಿನ ಎದೆಬಡಿತ ನಿಂತಿತು. ಪುತ್ತೂರಿನ ಆಸ್ಪತ್ರೆಯಿಂದ ಅವಳೊಬ್ಬಳನ್ನೇ ಕರೆದುಕೊಂಡು ಬಂದೆವು. ಅಲ್ಲಿಂದ ಈಚೆ ಅವಳು ಆ ಕೋಣೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಕೂತವಳು ಕೂತೇ ಇದ್ದಾಳೆ. ಕರೆದರೆ ಬಂದು ಎರಡು ತುತ್ತು ಉಂಡು ಪುನಃ ಅಲ್ಲಿಗೇ ಹೋಗುತ್ತಾಳೆ. ಗಂಡ ವಾರಕ್ಕೊಮ್ಮೆ ಬರುತ್ತಾನೆ, ಪಾಪ, ಅವನೂ ಎಂತ ಮಾತಾಡುವುದು ಎಂದು ತಿಳಿಯದೆ ಜಗಲಿಯಲ್ಲಿ ಪೇಪರ್ ಓದಿ ಹೋಗುತ್ತಾನೆ.

ಮನೆಯವರೆಲ್ಲ ಸೇರಿ ಅವಳನ್ನು ಎಬ್ಬಿಸಲು ಮಾಡದ ಉಪಾಯವಿಲ್ಲ. ನನ್ನ ಅತ್ತೆಯಂತೂ, ಅಂದರೆ ಅವಳ ಅಮ್ಮ, ದಿನಕ್ಕೊಂದು ಯೋಚನೆ ಹಿಡಿದು ಬರುತ್ತಾರೆ. "ಹೊಲಿಗೆ ಮೆಷಿನು ಅವಳ ಕೋಣೆಗೆ ಹಾಕುವ. ಕೈಗೆ ಕೆಲಸ ಇದ್ರೆ ಮರೀತದೆ." ಮೆಷಿನು ಹೋಯಿತು, ಅದರ ಮೇಲೆ ಒಗೆದ ಬಟ್ಟೆ ರಾಶಿ ಬಿತ್ತು. ನಾನು ಮೊಬೈಲಿನಲ್ಲಿ ತಮಾಷೆಯ ವೀಡಿಯೋ ತೋರಿಸಿದೆ. ನನಗೆ ಬೇಜಾರಾಗಬಾರದೆಂದು ನಕ್ಕಳು. ಕೊನೆಗೆ ಆ ದಿನ ಮಧ್ಯಾಹ್ನ ನಾವು ಅತ್ತೆ ಸೊಸೆ ಗುಟ್ಟಾಗಿ ಒಂದು ಸಂಚು ಹೂಡಿದ್ದೆವು. ನಾಳೆ ಭಾನುವಾರ ಸೀರೆ ತೆಗೆಯುವ ನೆಪದಲ್ಲಿ ಅವಳನ್ನು ಪುತ್ತೂರಿಗೆ ಎಳೆದುಕೊಂಡು ಹೋಗುವುದು, ಹೋಟೆಲಿನಲ್ಲಿ ಐಸ್‌ಕ್ರೀಮು ತಿನ್ನಿಸುವುದು. ಬಾಯಿ ಬಿಟ್ಟು ಹೇಳಬೇಕಾದವಳು ನಾನು. ಟೀಚರಲ್ಲವಾ, ನನ್ನ ಮಾತಿಗೆ ಇಲ್ಲ ಅನ್ನುವುದಿಲ್ಲ ಎಂದು ಅತ್ತೆಯ ನಂಬಿಕೆ.

ಮಗಳು ಪುಸ್ತಕ ಮಡಚಿ ಹೋದ ಮೇಲೆ ನನಗೆ ಕೊಯಿಲದ ದೊಡ್ಡಮ್ಮನ ನೆನಪಾಯಿತು. ದೊಡ್ಡ ರಜೆಯಲ್ಲಿ ನಾನು ಅವರ ಮನೆಯಲ್ಲೇ ಇರುತ್ತಿದ್ದದ್ದು. ಬಾಯಿ ಜೋರು, ನಡಿಗೆಯೂ ಜೋರು. ಅವರು ಕೋಳಿಗಳಿಗೆ ಬೈಯುವುದನ್ನು ಕೇಳಿದವರು ನೆರೆಮನೆಯವರ ಮೇಲೆ ಜಗಳಕ್ಕೆ ನಿಂತಿದ್ದಾರೆ ಎಂದೇ ತಿಳಿಯಬೇಕು. ಒಂದು ರಜೆಯಲ್ಲಿ ಅವರ ಕೆಂಪು ಹೇಂಟೆ ಸೌದೆ ಕೊಟ್ಟಿಗೆಯ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. ಇನ್ನೇನು ಮರಿ ಆಗಬೇಕು ಅನ್ನುವಾಗ ಕೇರೆ ಹಾವು ಬಂದು ಮೊಟ್ಟೆಗಳನ್ನು ನುಂಗಿ ಹೋಯಿತು. ಹೇಂಟೆ ಒಂದಿಡೀ ದಿನ ಕಿರುಚಾಡಿತು. ಮಾರನೆಯ ದಿನ ನೋಡಿದರೆ ಪುನಃ ಬುಟ್ಟಿಯಲ್ಲಿ ಕೂತಿದೆ! ಅಡಿಯಲ್ಲಿ ಬೈಹುಲ್ಲು ಬಿಟ್ಟರೆ ಏನೂ ಇಲ್ಲ. ಗರಿ ಉಬ್ಬಿಸಿ, ಕಣ್ಣು ಅರೆ ಮುಚ್ಚಿ, ಕೈ ಹತ್ತಿರ ತಂದರೆ ಕುಕ್ಕುತ್ತಾ ಕೂತದ್ದೇ ಕೂತದ್ದು.

ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಸುಮ್ಮನೆ ಕೂತರೆ ನಷ್ಟ. ಅದಕ್ಕೇ ನಮ್ಮ ಕಡೆ ಕಾವು ಬಿಡಿಸುವುದು ಎಂದೊಂದು ಕ್ರಮ ಉಂಟು. ಕೋಳಿಯನ್ನು ಹಿಡಿದು ತಣ್ಣೀರಿನ ಬಕೆಟಿನಲ್ಲಿ ಮುಳುಗಿಸಿ ತೆಗೆಯುವುದು, ಅದರದೇ ಒಂದು ಗರಿ ಕಿತ್ತು ಮೂಗಿನ ತೂತಿಗೆ ಸಿಕ್ಕಿಸುವುದು. ದೊಡ್ಡಮ್ಮ ಎರಡನ್ನೂ ಮಾಡಿದರು. ನೀರಿಳಿಸಿಕೊಂಡು, ಮೂಗಿನಲ್ಲಿ ಗರಿ ಸಿಕ್ಕಿಸಿಕೊಂಡು ಆ ಹೇಂಟೆ ಅಂಗಳ ದಾಟಿ ನಡೆದು ಹೋದದ್ದು ಸೀದಾ ಬುಟ್ಟಿಗೆ. ಬುಟ್ಟಿ ತೆಗೆದು ಅಟ್ಟಕ್ಕೆ ಹಾಕಿದರು. ಬುಟ್ಟಿ ಇದ್ದ ಜಾಗದ ಬರೀ ನೆಲದಲ್ಲಿ ಕೂತಿತು.

ನೆಲ್ಯಾಡಿ ಕಡೆಯಿಂದ ಬಂದು ಪಕ್ಕದಲ್ಲಿ ರಬ್ಬರ್ ತೋಟ ಮಾಡಿಕೊಂಡಿದ್ದ ಏಲಿಯಮ್ಮ ಬೇಲಿಯ ಆಚೆ ನಿಂತು ಬಾಯಿಗೆ ಸೆರಗು ಹಿಡಿದು ನಕ್ಕರು. "ಎಂತ ಮಾರಾಯ್ತಿ, ನೀವು ಮುಳುಗಿಸಿದ್ರಲ್ಲಿ ಅದಕ್ಕೆ ಶೀತ ಆಯ್ತು ಅಷ್ಟೆ. ಕಾವು ಎಲ್ಲಿ ಹೋಯ್ತು?"

"ಹೋಗುದಿಲ್ಲ ಅದು! ಹಟಮಾರಿ ಮುಂಡೇದು! ಮೊಟ್ಟೆ ಇಲ್ಲ ಅಂತ ಅದಕ್ಕೆ ಗೊತ್ತಿಲ್ವಾ?" ಎಂದರು ದೊಡ್ಡಮ್ಮ.

"ಗೊತ್ತುಂಟು. ಗೊತ್ತಿದ್ದೇ ಕೂತದ್ದು" ಎಂದು ಏಲಿಯಮ್ಮ ತಮ್ಮ ಕೆಲಸಕ್ಕೆ ಹೋದರು.

ದೊಡ್ಡಮ್ಮ ಕೋಳಿಯ ಮೂಗಿನ ಗರಿ ಎಳೆದು ಬಿಸಾಡಿದರು. ಬುಟ್ಟಿ ಇಳಿಸಿ, ಒಣಗಿದ ಹುಲ್ಲು ಹಾಕಿ ಅದನ್ನು ಕೂರಿಸಿದರು. "ಕೂತುಕೋ, ನಿನ್ನ ಹಣೆಬರಹ" ಎಂದು ಬೈಯುತ್ತಲೇ ತೆಂಗಿನ ಗೆರಟೆಯಲ್ಲಿ ನುಚ್ಚು ತಂದಿಟ್ಟರು. ಅಲ್ಲಿಂದ ಮೇಲೆ ತೆಂಗಿನಗರಿ ಸೀಳಿ ಹಿಡಿಸೂಡಿ ಪೊರಕೆ ಕಟ್ಟುವ ಕೆಲಸವನ್ನೂ ಅವರು ಆ ಕೊಟ್ಟಿಗೆಗೇ ತಂದರು. ಕೋಳಿಯ ಪಕ್ಕ ಕೂತು ಊರಿನವರಿಗೆಲ್ಲ ಬೈಯುತ್ತಾ ಕಡ್ಡಿ ಹೆರೆಯುತ್ತಿದ್ದರು. ಒಂದು ಬೆಳಿಗ್ಗೆ ಹೇಂಟೆ ತಾನಾಗಿ ಎದ್ದು, ಮೈ ಕೊಡವಿ, ಅಂಗಳದಲ್ಲಿ ಕೆದಕತೊಡಗಿತು. ನಾವು ಯಾರೂ ಏನೂ ಮಾಡಿರಲಿಲ್ಲ.

ಇಷ್ಟೆಲ್ಲ ನೆನಪು ಮಾಡಿಕೊಂಡು ನಾನು ರಶ್ಮಿಯ ಕೋಣೆಗೆ ಹೋದೆ. ದೊಡ್ಡ ಜ್ಞಾನೋದಯವೇನೂ ಆಗಿರಲಿಲ್ಲ, ಪುತ್ತೂರಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. "ರಶ್ಮೀ, ನಾಳೆ..." ಎಂದೆ. ಅವಳು ತಿರುಗಿ ನೋಡಿದಳು. ಇವರು ಇನ್ನೆಂತ ಮಾಡಲು ಬಂದರೋ ಎಂಬ ಹೆದರಿಕೆ ಇತ್ತು ಆ ಮುಖದಲ್ಲಿ. ಅಯ್ಯೋ ದೇವರೇ, ನಮ್ಮ ಹುಡುಗಿ ನಮಗೇ ಹೆದರುತ್ತಿದ್ದಾಳಲ್ಲ! ಪುತ್ತೂರಿನ ಮಾತು ಬಿಟ್ಟೆ. ಅಲ್ಲೇ ಮಂಚಕ್ಕೆ ಒರಗಿ ನೆಲದಲ್ಲಿ ಕೂತೆ.

ನಾಲ್ಕು ಜನರ ಮಾತನ್ನು ಒಬ್ಬಳೇ ಆಡುವವಳು ನಾನು. ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಆ ದಿನ ತಿಳಿಯಿತು. ಫ್ಯಾನು ತಿರುಗುತ್ತಿತ್ತು. ಹೊರಗೆ ಮಗಳು ಗಟ್ಟಿಯಾಗಿ ಪಾಠ ಓದುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ರಶ್ಮಿ ಗೋಡೆಯ ಕಡೆ ನೋಡುತ್ತಲೇ ಹೇಳಿದಳು:

"ಅತ್ತಿಗೆ, ಹೆಣ್ಣು ಮಗು ಅದು. ನರ್ಸ್ ಒಮ್ಮೆ ಕೈಯಲ್ಲಿ ಕೊಟ್ಟಿದ್ರು. ನೀವು ಯಾರೂ ಅದರ ವಿಷಯ ಕೇಳ್ಲೇ ಇಲ್ಲ."

ಹೌದು, ಕೇಳಿರಲಿಲ್ಲ. ನೆನಪು ಮಾಡಿದರೆ ಅವಳಿಗೆ ದುಃಖ ಆಗುತ್ತದೆ ಎಂದು, ಅವಳು ಮರೆತೇ ಬಿಟ್ಟಿದ್ದಾಳೆ ಎಂಬಂತೆ, ಆ ಮಾತನ್ನೇ ಮನೆಯಿಂದ ಹೊರಗೆ ಹಾಕಿದ್ದೆವು. ಹುಟ್ಟಿದ ಯಾವ ಮಗುವನ್ನು ನೋಡಲು ಹೋದರೂ ನಾವು ಮೊದಲು ಕೇಳುವುದನ್ನೇ ಕೇಳಿದೆ.

"ಯಾರ ಹಾಗೆ ಇದ್ದಳು?"

ರಶ್ಮಿ ಪೂರ್ತಿ ನನ್ನ ಕಡೆ ತಿರುಗಿದಳು. "ಮೂಗು ಅಣ್ಣಂದೇ. ಗಲ್ಲ ಇವರದ್ದು. ಬೆರಳು ಇಷ್ಟುದ್ದ ಅತ್ತಿಗೆ, ಇಷ್ಟುದ್ದ..." ಎಂದು ಕೈಯಲ್ಲಿ ತೋರಿಸುತ್ತಾ ಅಳತೊಡಗಿದಳು. ಅಳುತ್ತಲೇ ಹೇಳಿದಳು, ನಾನೂ ಅಳುತ್ತಲೇ ಕೇಳಿದೆ.

ಅಡುಗೆಮನೆಯಿಂದ ಅತ್ತೆ ಕೂಗಿದರು. "ಎಂತ ಆಯ್ತಾ? ನಾಳೆ ಎಷ್ಟು ಗಂಟೆಗೆ ಹೊರಡುದು?"

"ನಾಳೆ ಎಲ್ಲಿಗೂ ಹೋಗುದಿಲ್ಲ. ನೀವು ಇಲ್ಲಿಗೆ ಬನ್ನಿ ಅತ್ತೆ. ಮಗು ಹೇಗಿತ್ತು ಅಂತ ರಶ್ಮಿ ಹೇಳ್ತಾ ಇದ್ದಾಳೆ."

ಅತ್ತೆ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಬೈಯುತ್ತಾರೋ ಎಂದುಕೊಂಡೆ. ರಶ್ಮಿಯ ಪಕ್ಕ ಮಂಚದಲ್ಲಿ ಮೆಲ್ಲ ಕೂತರು. ಕೈ ಒರೆಸಿ, ಅವಳ ತಲೆ ಸವರಿ, ತುಂಬ ಸಣ್ಣ ದನಿಯಲ್ಲಿ ಕೇಳಿದರು:

"ಕೂದಲು? ತಲೆಯಲ್ಲಿ ಕೂದಲು ಇತ್ತಾ ನನ್ನ ಮೊಮ್ಮಗುವಿಗೆ?"