ಗಾರ್ಡ್ ಹಾಕುವ ವಿರೂಪಾಕ್ಷ

ಹೆಗ್ಗಡದೇವನಕೋಟೆಯ ಬಸ್ ನಿಲ್ದಾಣದ ಪಕ್ಕ ಮೊಬೈಲ್ ರಿಪೇರಿ ಮಾಡುವ ವಿರೂಪಾಕ್ಷನಿಗೆ ಗೊತ್ತಿರುವುದು ಒಡೆದ ಗಾಜು ಬದಲಿಸುವುದು, ಬ್ಯಾಟರಿ ಹಾಕುವುದು, ಇಷ್ಟೇ. ಆದರೆ ಫೋನಿನಲ್ಲಿ ಮೋಸಹೋದವರಿಗೆಲ್ಲ ಈ ತಾಲ್ಲೂಕಿನಲ್ಲಿ ಅವನೇ ಪೊಲೀಸು, ಅವನೇ ಡಾಕ್ಟರು. ಬಂದವರೆಲ್ಲ ಕೇಳುವುದು ಒಂದೇ: "ಕಳ್ರು ಒಳಿಕ್ಕೆ ನುಗ್ಗದಂಗೆ ಒಂದು ಗಾರ್ಡ್ ಆಕ್ಬುಡಪ್ಪ." ಗಾರ್ಡ್ ಎಂದರೆ ಫೋನಿನ ಮುಖಕ್ಕೆ ಅಂಟಿಸುವ ತೆಳು ಗಾಜು. "ಅದು ಬಿದ್ರೆ ಒಡೀದಂಗೆ ಕಾಯ್ತದೆ ಕಣವ್ವ, ಕಳ್ರನ್ನ ತಡಿಯಾಕಿಲ್ಲ. ಅದ ಕಲ್ತೋರು ಮೈಸೂರಲ್ಲವ್ರೆ, ಅಲ್ಲಿಗೋಗಿ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾನೆ, ಹೇಳುತ್ತಲೇ ಒರೆಸಿ, ಉಫ್ ಎಂದು ಊದಿ, ಒಂದು ಗುಳ್ಳೆಯೂ ಏಳದಂತೆ ಅಂಟಿಸಿಕೊಡುತ್ತಾನೆ. ಮೊನ್ನೆ ಪುಟ್ಟಮಲ್ಲಮ್ಮ ಎರಡನೇ ಸಲ ಬಂದರು. ಯಾವನೋ ಫೋನಿನಲ್ಲಿ ಹೇಳಿದ್ದನ್ನೆಲ್ಲ ಒತ್ತಿದ್ದಕ್ಕೆ, ತೀರಿಹೋದ ಮಗಳು ಕಳಿಸಿದ್ದ ವಾಯ್ಸ್ ಮೆಸೇಜುಗಳೆಲ್ಲ ಅಳಿಸಿಹೋಗಿದ್ದವು. "ಮೈಸೂರಿಗೂ ಓಗಿದ್ದೆ ಕಣಪ್ಪ. ಕಲ್ತೋನು ಅಂತ ಇದ್ದೋನು ಒಬ್ನೇ, ಅವನ ಮುಂದೆ ಸಂತೆ ಜನ. ನಿಮ್ಮೂರಲ್ಲೇ ಮೊಬೈಲ್ ಅಂಗ್ಡಿಯೋರಿಗೆ ತೋರ್ಸಿ ಅಂದ್ಬುಟ್ಟ." ವಿರೂಪಾಕ್ಷ ಅವತ್ತು ಬುದ್ಧಿ ಹೇಳಲಿಲ್ಲ. ಖಾಲಿ ಫೋನನ್ನು ಬಹಳ ಹೊತ್ತು ಒರೆಸಿ, ಇದ್ದುದರಲ್ಲೇ ಒಳ್ಳೆಯ ಗಾರ್ಡ್ ಹಾಕಿದ. "ಇನ್ಯಾರೂ ಬರಾಕಿಲ್ಲ ಅಲ್ವಾ?" ಎಂದರು ಪುಟ್ಟಮಲ್ಲಮ್ಮ. "ಇಲ್ಲ ಕಣವ್ವ," ಎಂದ ಅವನು, "ಇನ್ಯಾರೂ ಬರಾಕಿಲ್ಲ."